ಮಾವ ಹೇಳುವವರೆಗೆ ಎತ್ತಬೇಡಿ

ಎನೆಲೆಸಿ ತೀರಿಕೊಂಡಿದ್ದು ನಮ್ಮ ಕಡೆಯ ಜುಲೈ ಚಳಿಯಲ್ಲಿ, ತೆಂಕಣ ಗಾಳಿಗೆ ಹೆದರಿ ದೋಣಿಗಳೆಲ್ಲ ದಡದಲ್ಲೇ ಮಗುಚಿ ಮಲಗಿದ್ದ ವಾರದಲ್ಲಿ. ಪಾರ್ಶ್ವವಾಯು ಬಡಿದ ಮೇಲೆ ಅವಳಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ. ಬಂದಷ್ಟರಲ್ಲಿ ಒಂದು ಮಾತನ್ನು ನನಗಾಗಿ ತೆಗೆದಿಟ್ಟಿದ್ದಳು.

"ಕಂಬೆವ ಬಂದೇ ಬರ್ತಾನೆ ಟೀಚರೇ. ಓಟು ಹತ್ರ ಬಂದೈತೆ, ಹೆಣ ಎಲ್ಲಿದ್ರೂ ಅವನಿಗೆ ವಾಸ್ನೆ ಹೊಡಿಯುತ್ತೆ. ಬಂದ್ರೆ ಓಡಿಸ್ಬೇಡ. ಕೂರ್ಸು, ಊಟ ಹಾಕು. ಆಮೇಲೆ ಅವನು ಹೇಳೋವರ್ಗೂ ನನ್ನ ಎತ್ತಬೇಡಿ."

ಏನು ಹೇಳಬೇಕು ಎಂದು ನಾನು ಕೇಳಲಿಲ್ಲ. ಅವಳ ಮಗ ಲಿಂಬಾನಿ ಹೇಗೆ ಸತ್ತ ಎಂಬುದನ್ನು ಲಾಮೆಕ್ ಕಂಬೆವ ಎಂಬ ಮನುಷ್ಯ ಊರ ಮುಂದೆ ನಿಂತು ಹೇಳಬೇಕು. ಅವಳು ಬದುಕಿನ ಅರ್ಧ ಭಾಗ ಕಾದಿದ್ದು ಅದೊಂದಕ್ಕೇ.

ನಾನು ಚಿಲೊಂಬೆಯ ಹುಡುಗಿಯರ ಪ್ರೌಢಶಾಲೆಗೆ ಸಾಹಿತ್ಯ ಪಾಠ ಮಾಡಲು ಬಂದ ಹೊಸತರಲ್ಲಿ ಅವಳ ಪರಿಚಯವಾಯಿತು. ಸರೋವರದ ದಡದಲ್ಲಿ ಮೀನು ಒಣಗಿಸುವ ಬಿದಿರ ಅಟ್ಟಣೆಗಳ ಸಾಲಿತ್ತು. ಅದರ ನಡುವೆ ನಾನು ಮೂಗು ಮುಚ್ಚಿಕೊಂಡು ದಾಟುತ್ತಿದ್ದೆ.

"ಯಾಕಮ್ಮಾ, ಪುಸ್ತಕದಲ್ಲಿ ಮೀನಿಗೆ ವಾಸ್ನೆ ಇರಲ್ವಾ?" ಎಂದಳು ಎನೆಲೆಸಿ, ಮೀನು ತಿರುವಿ ಹಾಕುತ್ತ.

"ಇರುತ್ತೆ. ಆದ್ರೆ ಪುಸ್ತಕ ಮುಚ್ಚಿಡ್ಬಹುದು."

"ಮೂಗು ಮುಚ್ಕೊಂಡ್ರೆ ಬಾಯಲ್ಲಿ ಹೋಗುತ್ತೆ ನೋಡು, ಅಲ್ಲಿಂದ ಹೊಟ್ಟೆಗೆ. ಪುಕ್ಕಟೆ ಊಟ. ನಾಳೆಯಿಂದ ನೀನು ನಂಗೆ ದುಡ್ಡು ಕೊಡ್ಬೇಕಾಗುತ್ತೆ."

ಅಟ್ಟಣೆಗಳ ಹಿಂದೆ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನ ಅವಳು ನನಗೆ ಒಂದು ಪೊಟ್ಟಣ ಒಣಮೀನು ಕಟ್ಟಿಕೊಟ್ಟಳು. ಅಂದಿನಿಂದ ನಾವು ಒಬ್ಬರನ್ನೊಬ್ಬರು ಬಿಡಲಿಲ್ಲ.

ಅವಳ ಗಂಡ ಗಣಿಗಳಿಗೆ ಹೋದವನು ತಿರುಗಿ ಬಂದಿರಲಿಲ್ಲ. ಇದ್ದವನು ಒಬ್ಬ ಮಗ, ಲಿಂಬಾನಿ. ಎನೆಲೆಸಿಗೆ ಅಣ್ಣತಮ್ಮಂದಿರಿರಲಿಲ್ಲ. ನಮ್ಮಲ್ಲಿ ಅದು ದೊಡ್ಡ ಕೊರತೆ. ಹೆಣ್ಣಿನ ಮಕ್ಕಳಿಗೆ ಸೋದರಮಾವ ತಂದೆಗಿಂತ ಹೆಚ್ಚು. ಮದುವೆಗೆ ಅವನ ಒಪ್ಪಿಗೆ ಬೇಕು, ಜಗಳಕ್ಕೆ ಅವನ ತೀರ್ಪು ಬೇಕು. ಸಾವಿನ ಮನೆಯಲ್ಲಂತೂ ಅವನಿಲ್ಲದೆ ಹೆಣ ಮೇಲೇಳುವುದಿಲ್ಲ. ಅವನು ಎದ್ದು ನಿಂತು, ಈ ಜೀವ ಹೇಗೆ ಹೋಯಿತು, ಕಾಯಿಲೆ ಎಲ್ಲಿ ಶುರುವಾಯಿತು, ಕೊನೆಗೆ ಏನಾಯಿತು ಎಂದು ಬಂದವರಿಗೆಲ್ಲ ಹೇಳಬೇಕು. ಹೇಳದೆ ಎದ್ದು ಹೋದನೋ, ಮುಗಿಯಿತು. ಮಾಟ ಮಾಡಿ ಆ ಜೀವ ತಿಂದವನು ಅವನೇ ಎಂದು ಊರು ತೀರ್ಮಾನಿಸುತ್ತದೆ. ಕಾಪಾಡಬೇಕಾದವನ ಮೇಲೇ ಮೊದಲ ಅನುಮಾನ. ನಮ್ಮ ಹಿರಿಯರು ಅಧಿಕಾರವನ್ನು ಚೆನ್ನಾಗಿ ಅರಿತವರು.

ಎನೆಲೆಸಿಯ ಕಂಠ ಇಂಪಾದದ್ದಲ್ಲ. ಸ್ವಲ್ಪ ಒಡಕು, ಒಣಗಿದ ಸೋರೆಬುರುಡೆಯಂತೆ. ಆದರೆ ಮದುವೆಗೆ, ಸಾವಿಗೆ, ಜೋಳ ಕುಟ್ಟುವಾಗ, ಹಾಡು ಎತ್ತಬೇಕಾದವಳು ಅವಳೇ ಎಂದು ಎಲ್ಲರೂ ಒಪ್ಪಿದ್ದರು. ಅವಳು ಸಾಲನ್ನು ಪೂರ್ತಿ ಹಾಡುತ್ತಿರಲಿಲ್ಲ. ಒಂದು ಉಸಿರು ಮೊದಲೇ ನಿಲ್ಲಿಸುತ್ತಿದ್ದಳು. ಆ ಖಾಲಿ ಜಾಗಕ್ಕೆ ಎಲ್ಲರೂ ತಂತಾವೇ ಬೀಳುತ್ತಿದ್ದರು. ಹಾಡಬಾರದೆಂದು ತುಟಿ ಕಚ್ಚಿಕೊಂಡವರೂ ಬೀಳುತ್ತಿದ್ದರು.

ಆಗ ಕಂಬೆವ ಮೀನುಗಾರರ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ. ತೆಳ್ಳಗೆ, ಬೆಳ್ಳಗಿನ ಅಂಗಿ, ಚೆಂದದ ನಗು. ಪ್ರತಿ ಹೆಂಗಸಿನ ಪ್ರತಿ ಮಗುವಿನ ಹೆಸರೂ ಅವನಿಗೆ ನೆನಪಿರುತ್ತಿತ್ತು. ಬೇಕಾದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಆದರೆ ಜನರ ಮುಂದೆ ನಿಂತರೆ ಮಾತು ಉದ್ದವಾಗಿ, ಒದ್ದೆ ಹಗ್ಗದಂತೆ ಜೋತುಬೀಳುತ್ತಿತ್ತು. ಅವನು ಸೇರಿದ ಪಕ್ಷದ ಮೊದಲ ಸಭೆಯಲ್ಲಿ ಅವನ ಮಾತಿಗೆ ಜನ ಆಕಳಿಸಿದರು. ಅವತ್ತು ಸಂಜೆ ಅವನು ಎನೆಲೆಸಿಯ ಅಂಗಳಕ್ಕೆ ಬಂದ. ನಾನು ಅಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದೆ.

"ಎಲ್ಲಾ ಹೇಳ್ದೆ, ಅಕ್ಕಾ. ರಸ್ತೆ, ಆಸ್ಪತ್ರೆ, ಸ್ವಾತಂತ್ರ್ಯ, ಒಂದೂ ಬಿಡ್ಲಿಲ್ಲ. ಯಾರೂ ಕೇಳಲ್ವಲ್ಲ?"

"ಎಲ್ಲಾ ನೀನೇ ಹೇಳಿದ್ರೆ ಅವ್ರಿಗೇನು ಕೆಲ್ಸ? ಅರ್ಧಕ್ಕೆ ನಿಲ್ಸು. ಉಳಿದರ್ಧ ಅವ್ರು ಹೇಳ್ತಾರೆ. ಅವ್ರ ಬಾಯಿಂದ ಬಂದ್ಮೇಲೆ ಅದು ಅವ್ರ ಮಾತು. ಅವ್ರ ಮಾತನ್ನ ಅವ್ರೇ ನಂಬ್ದೆ ಇರ್ತಾರಾ?"

ಅವನು ಕಲಿತ. ಬಹಳ ಬೇಗ ಕಲಿತ. ಮುಂದಿನ ಸಭೆಯಲ್ಲಿ, "ನಮ್ಮ ಅಜ್ಜಂದಿರು ದೋಣಿ ನಡೆಸಿದ ಈ ಸರೋವರ ಯಾರದ್ದು..." ಎಂದು ನಿಲ್ಲಿಸಿದ. "ನಮ್ದು!" ಎಂದಿತು ಜನ. ಎನೆಲೆಸಿ ಹಾಡು ಎತ್ತಿದಳು. ಅವಳು ಅವನನ್ನು ಮನಸಾರೆ ನಂಬಿದ್ದಳು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹಾಡಿನಲ್ಲಿ ಅವನನ್ನು ಮೊದಲು ಮಾವ ಎಂದವಳೂ ಅವಳೇ. ತನಗೆ ಅಣ್ಣನಿಲ್ಲ, ತನ್ನ ಮಗನಿಗೆ ಮಾವನಿಲ್ಲ. ಇವನಾಗಲಿ ಎಂದು ಎಲ್ಲೋ ಒಳಗೆ ಆಸೆಯಿತ್ತೇನೋ. ಕಂಬೆವ ಆ ಹೆಸರನ್ನು ಸಿಹಿ ತಿಂದಂತೆ ತಿಂದ. "ಈ ಜಿಲ್ಲೆಯ ಎಲ್ಲಾ ಹೆಣ್ಮಕ್ಕಳಿಗೂ ಸೋದರಮಾವ ನಾನೇ," ಎಂದು ಘೋಷಿಸಿದ. ಅವನ ಮುಖ ಅಚ್ಚು ಹಾಕಿದ ಸುತ್ತುಬಟ್ಟೆ ಬಂತು. ಸಂತೆಯ ದಿನ ದಡದುದ್ದಕ್ಕೂ ಹೆಂಗಸರ ಎದೆಯ ಮೇಲೆ, ಸೊಂಟದ ಮೇಲೆ ಅವನು ನಗುತ್ತಿದ್ದ. ವಿಧಾನಸಭೆಗೆ ಹೋದ. ಕೈಯಲ್ಲಿ ನಾಯಕರು ಹಿಡಿಯುವ ಎತ್ತಿನ ಬಾಲದ ಚಾಮರ ಬಂತು. ಅವನ ಹಿಂದೆ ಕೆಂಪಂಗಿಯ ಹುಡುಗರ ದಂಡು ಬಂತು. ಪಕ್ಷದ ಚೀಟಿ ತೋರಿಸದವರನ್ನು ಬಸ್ಸಿನಿಂದ ಇಳಿಸುವುದು ಅವರ ಕೆಲಸ.

ಮಾವನೆಂದರೆ ಬರಿಯ ಗೌರವ ಎಂದು ಅವನು ತಿಳಿದಿದ್ದ. ಹೊಣೆ, ಅನುಮಾನ ಎಲ್ಲವೂ ಆ ಹೆಸರಿನ ಜೊತೆಗೇ ಮನೆಗೆ ಬಂದವು ಎಂಬುದು ಅವನಿಗೆ ಹೊಳೆಯಲಿಲ್ಲ. ಅದು ಅವನ ತಪ್ಪು.

ಲಿಂಬಾನಿ ದೋಣಿಯ ಎಂಜಿನ್ ರಿಪೇರಿ ಮಾಡುತ್ತಿದ್ದ. ತಾಯಿಯ ನಾಲಿಗೆಯೇ ಅವನಿಗೂ ಬಂದಿತ್ತು. ಒಂದು ಸಭೆಯಲ್ಲಿ ಕಂಬೆವ ತನ್ನ ಹಳೆಯ ಪ್ರಶ್ನೆ ಎತ್ತಿದ. "ಈ ಸರೋವರ ಯಾರದ್ದು?" ಎಂದು ನಿಲ್ಲಿಸಿದ. ಆ ಹೊತ್ತಿಗೆ ಉತ್ತರವೂ ಬದಲಾಗಿತ್ತು. "ನಮ್ಮ ಮಾವನದ್ದು" ಎನ್ನಬೇಕಿತ್ತು. ಜನ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಲಿಂಬಾನಿ ಕೂಗಿದ: "ಮೀನಿಂದು!"

ಇಡೀ ಮೈದಾನ ನಕ್ಕಿತು. ಮುಂದಿನ ಸಾಲಿನಲ್ಲಿ ಕೂತ ಅಧಿಕಾರಿಗಳೂ ಕೈವಸ್ತ್ರದ ಹಿಂದೆ ನಕ್ಕರು. ಕಂಬೆವ ತಾನೂ ನಕ್ಕ. ನಾನು ಅವನ ಕೈ ನೋಡುತ್ತಿದ್ದೆ. ಚಾಮರ ಅಲುಗಾಡದೆ ನಿಂತಿತ್ತು.

ಮರುದಿನ ಬೆಳಿಗ್ಗೆ ಕೆಂಪಂಗಿಯವರು ಲಿಂಬಾನಿಯನ್ನು ಎಂಜಿನ್ ಎಣ್ಣೆ ಮೆತ್ತಿದ ಕೈಯಲ್ಲೇ ಕರೆದೊಯ್ದರು. ವಾರ ಕಳೆದ ಮೇಲೆ ಮೊಳೆ ಹೊಡೆದ ಪೆಟ್ಟಿಗೆ ಬಂತು. ಸರೋವರದಲ್ಲಿ ಮುಳುಗಿ ಸತ್ತ ಎಂದರು. ನಡೆಯುವ ಮೊದಲು ಈಜಲು ಕಲಿತ ಹುಡುಗ. ಪೆಟ್ಟಿಗೆ ತೆರೆಯಲು ಬಿಡಲಿಲ್ಲ, ಅಡುಗೆ ಒಲೆ ಹೊತ್ತಿಸಲು ಬಿಡಲಿಲ್ಲ, ಸಂಜೆಯೊಳಗೆ ಹೂಳಬೇಕೆಂದರು. ಜಿಲ್ಲೆಗೆಲ್ಲ ಮಾವನಾದವನು ಒಂದು ಮೂಟೆ ಜೋಳದ ಹಿಟ್ಟು ಕಳಿಸಿದ, ತಾನು ಬರಲಿಲ್ಲ. ಹೇಗೆ ಸತ್ತ ಎಂದು ಎದ್ದುನಿಂತು ಹೇಳುವವರಿಲ್ಲದೆ ಲಿಂಬಾನಿ ಮಣ್ಣಿಗೆ ಹೋದ. ನಮ್ಮವರಿಗೆ ಗೊತ್ತು, ಅದು ಹೂಳಿದ್ದಲ್ಲ, ಬಚ್ಚಿಟ್ಟದ್ದು.

ಎನೆಲೆಸಿ ಆ ಹಿಟ್ಟನ್ನು ಮುಟ್ಟಲಿಲ್ಲ. ಹುಳು ಬೀಳುವವರೆಗೆ ಅಂಗಳದಲ್ಲೇ ಬಿಟ್ಟಳು. ಆದರೆ ದುಃಖದ ದಿನಗಳು ಮುಗಿದ ಮೇಲೆ ಅವಳು ಮತ್ತೆ ಕಂಬೆವನ ಸಭೆಗೆ ಹೋದಳು. ಅವನ ಮುಖದ ಬಟ್ಟೆ ಸುತ್ತಿಕೊಂಡು, ಮೊದಲ ಸಾಲಿನಲ್ಲಿ ನಿಂತು, ಹಾಡು ಎತ್ತಿದಳು. ಊರು ಉಗಿಯಿತು.

"ಮಗನ್ನ ತಿಂದೋನ ಮುಂದೆ ಕುಣೀತಾಳಲ್ಲೇ, ಇವಳ ಹೊಟ್ಟೆಗೇನು ಕಲ್ಲು ಇಟ್ಟವ್ರಾ?" ಎಂದು ಬಾವಿಯ ಹತ್ತಿರ ಒಬ್ಬಳು ಅವಳಿಗೆ ಕೇಳುವಂತೆಯೇ ಅಂದಳು.

"ಇಟ್ಟವ್ರೆ ಕಣಕ್ಕಾ. ಹಿಡ್ಕೊಂಡಿದ್ದೀನಿ. ಎಸೆಯೋಕೆ ಹತ್ರ ಹೋಗ್ಬೇಕು," ಎಂದಳು ಎನೆಲೆಸಿ, ಕೊಡ ಎತ್ತಿಕೊಳ್ಳುತ್ತ.

ನನಗೆ ಒಬ್ಬಳಿಗೇ ಬಿಡಿಸಿ ಹೇಳಿದ್ದಳು. "ಅವನ ಬಾಯಿ ನಾನು ಕೊಟ್ಟಿದ್ದು ಟೀಚರೇ. ವಾಪಸ್ ತಗೋತೀನಿ. ಚಿಕ್ಕ ಸಭೇಲಿ ತಗೊಂಡ್ರೆ ಬೇರೆ ಬಾಯಿ ಹುಡುಕ್ಕೋತಾನೆ. ದೊಡ್ಡದು ಬರ್ಲಿ."

ದೊಡ್ಡದು ಬಂತು. ಕಂಬೆವನನ್ನು ಮಂತ್ರಿ ಮಾಡುವುದೆಂದು ತೀರ್ಮಾನವಾಗಿ, ರಾಜಧಾನಿಯ ದೊಡ್ಡವರೆಲ್ಲ ಚಿಲೊಂಬೆಯ ಫುಟ್‌ಬಾಲ್ ಮೈದಾನಕ್ಕೆ ಬಂದರು. ರೇಡಿಯೊದವರು ಕಂಬಕ್ಕೆ ಮೈಕು ಕಟ್ಟಿದರು. ಶಾಲೆಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಲು ನನಗೆ ಆಜ್ಞೆಯಾಗಿತ್ತು. ಹಾಗಾಗಿ ಎಲ್ಲವನ್ನೂ ಹತ್ತಿರದಿಂದ ಕಂಡೆ. ಹೆಂಗಸರು ಮೈದಾನದ ಅರ್ಧ ತುಂಬಿದ್ದರು, ಸಾವಿರ ಕಂಬೆವರು ಬಿಸಿಲಲ್ಲಿ ನಗುತ್ತಿದ್ದರು.

ಅವನು ವೇದಿಕೆಯ ತುದಿಗೆ ಬಂದ. ಚಾಮರ ಎತ್ತಿದ. "ನಾನು ನಿಮಗೆ ಯಾರು?"

"ಮಾವ!"

"ಕೇಳಿಸ್ಲಿಲ್ಲ. ರಾಜಧಾನಿಗೆ ಕೇಳ್ಬೇಕು. ಯಾರು?"

"ಮಾವ!"

ಈಗ ಎನೆಲೆಸಿ ಹಾಡು ಎತ್ತಬೇಕಿತ್ತು. ಅವಳು ತಲೆಯ ಬಟ್ಟೆ ಬಿಚ್ಚಿದಳು. ಅದನ್ನು ಸೊಂಟಕ್ಕೆ ಕಟ್ಟಿಕೊಂಡಳು. ನೆಲದ ಮೇಲೆ ಕೂತು ಎರಡೂ ಕಾಲುಗಳನ್ನು ನೇರ ಮುಂದಕ್ಕೆ ಚಾಚಿದಳು. ಹಾಗೆ ನಮ್ಮ ಹೆಂಗಸರು ಕೂರುವುದು ಹೆಣವಿರುವ ಮನೆಯಲ್ಲಿ ಮಾತ್ರ. ಆಮೇಲೆ ಆ ಒಡಕು ಕಂಠದಲ್ಲಿ, ಸಾವಿನ ಮನೆಗೆ ಸೋದರಮಾವ ಬಂದಾಗ ಹಾಡುವ ಸಾಲು ಎತ್ತಿದಳು:

"ಬಾಗಿಲಿಗೆ ಬಂದವರು ಯಾರು, ಧೂಳು ಕಾಲಿನವರು ಯಾರು..."

ಒಂದು ಉಸಿರು ಮೊದಲೇ ನಿಲ್ಲಿಸಿದಳು.

"ಮಾವ ಬಂದ, ಹೇಳಲಿ, ಮಾವ ಹೇಳಲಿ," ಎಂದು ಮೊದಲ ಸಾಲು ಬಿತ್ತು. ಬಿದ್ದ ಮೇಲೆ ತಾವೇನು ಹಾಡಿದೆವೆಂದು ಅವರಿಗೆ ತಿಳಿದಿರಬೇಕು. ಒಬ್ಬಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದರು. ಆದರೆ ಆ ಹಾಡು ಕಿವಿಗೆ ಬಿದ್ದರೆ ನಿಂತಿರಬಾರದು. ಮೊದಲ ಸಾಲು ಕೂತಿತು. ಹಿಂದಿನ ಸಾಲು ಕೂತಿತು. ತಲೆಬಟ್ಟೆಗಳು ಬಿಚ್ಚುತ್ತ ಹೋದವು. ಗಾಳಿಗೆ ಮಲಗುವ ಜೊಂಡಿನಂತೆ ಅರ್ಧ ಮೈದಾನ ನೆಲಕ್ಕೆ ಇಳಿಯಿತು.

ಕಂಬೆವ ನಕ್ಕ. "ಏ ಎನೆಲೆಸಿ, ಬಿಸಿಲಿಗೆ ತಲೆ ತಿರುಗ್ತೇನಮ್ಮಾ? ಇವತ್ತು ಮದುವೆ, ಸಾವಲ್ಲ. ಏಳಿ, ಎಲ್ರೂ ಏಳಿ!"

"ನನ್ನ ಮಗ ಲಿಂಬಾನಿ ಹೇಗೆ ಸತ್ತ, ಮಾವ?" ಎಂದಳು ಎನೆಲೆಸಿ. ಕೂಗಲಿಲ್ಲ. ಕಂಬದ ಮೈಕು ಅದನ್ನು ಎತ್ತಿಕೊಂಡು ದೇಶಕ್ಕೆಲ್ಲ ಕೊಟ್ಟಿತು. "ಅವತ್ತು ನೀನು ಬರ್ಲಿಲ್ಲ. ಇವತ್ತು ಬಂದಿದ್ದೀಯ. ಕೂತಿದ್ದೀವಿ. ಹೇಳು."

"ಹೇಳಲಿ, ಮಾವ ಹೇಳಲಿ."

ಅವನು ಮಾತಾಡಲು ನೋಡಿದ. "ಈ ನಾಡು ಯಾರದ್ದು..." ಎಂದು ನಿಲ್ಲಿಸಿದ. ಉಳಿದರ್ಧ ಬರಲಿಲ್ಲ. ಮತ್ತೊಮ್ಮೆ ನಿಲ್ಲಿಸಿದ. ಎಷ್ಟು ಬೆವರು ಆ ಮುಖದ ಮೇಲೆ! ಬಟ್ಟೆಯ ಮೇಲಿನ ಮುಖಗಳು ಮಾತ್ರ ನಗುತ್ತಲೇ ಇದ್ದವು, ಹೆಂಗಸರ ಚಾಚಿದ ಕಾಲುಗಳ ಮೇಲೆ. ರೇಡಿಯೊದವನು ತಂತಿ ಕಿತ್ತ. ಕಂಬೆವ ವೇದಿಕೆ ಇಳಿದು, ಯಾರನ್ನೂ ನೋಡದೆ, ಕಾರು ಹತ್ತಿದ.

ಕಾರಿನ ಧೂಳು ಇಳಿದ ಮೇಲೆ ಒಬ್ಬ ಮುದುಕಿ, ಯಾರಿಗೂ ಅಲ್ಲವೆಂಬಂತೆ, ಹೇಳಿದಳು: "ಹೇಳ್ದೇ ಹೋದ. ಹಂಗಾರೆ ತಿಂದೋನು ಇವನೇ."

ಅಷ್ಟೇ ಸಾಕಾಯಿತು. ಮಂತ್ರಿ ಪದವಿ ಬೇರೆ ಜಿಲ್ಲೆಗೆ ಹೋಯಿತು. ಹೆಂಗಸರು ಯಾರ ಮುಂದೆ ಕಾಲು ಚಾಚಿ ಕೂತರೋ ಅವನ ಪಕ್ಕದಲ್ಲಿ ನಿಲ್ಲಲು ರಾಜಧಾನಿಯ ದೊಡ್ಡವರಿಗೂ ಭಯ. ಚಿಲೊಂಬೆಯಲ್ಲಿ ಅವನ ಮುಖದ ಬಟ್ಟೆ ನೆಲ ಒರೆಸಲು ಬಂತು. ಅವನು ಬೆಟ್ಟದ ಮೇಲಿನ ತನ್ನ ಹೊಗೆಸೊಪ್ಪಿನ ತೋಟಕ್ಕೆ ಹೋಗಿ ಕೂತ. ಎನೆಲೆಸಿಯನ್ನು ಎರಡು ಮಳೆಗಾಲ ಜೈಲಿನಲ್ಲಿಟ್ಟರು. ಹೊರಬಂದಾಗ ಹಲ್ಲುಗಳಿರಲಿಲ್ಲ, ಕಂಠವೂ ಇರಲಿಲ್ಲ. ಪಿಸುಮಾತಿನಷ್ಟು ಉಳಿದಿತ್ತು.

"ಲಾಭ ಆಯ್ತಾ?" ಎಂದು ಕೇಳಿದೆ, ಅವಳಿಗೆ ಗಂಜಿ ಕುಡಿಸುತ್ತ.

"ಅರ್ಧ ಆಯ್ತು. ಅವನ ಬಾಯಿ ಬಂತು. ಲಿಂಬಾನಿ ಕತೆ ಬರ್ಲಿಲ್ಲ."

ನಾನು ಹುಡುಗಿಯರಿಗೆ ನಮ್ಮ ಖಂಡದ ಕಾದಂಬರಿಗಳನ್ನು ವರ್ಷಗಟ್ಟಲೆ ಪಾಠ ಮಾಡಿದವಳು. ಅವುಗಳಲ್ಲಿ ಕಂಬೆವನಂಥವರು ಬೇಕಾದಷ್ಟು. ಚಾಮರ, ಕಪ್ಪು ಕಾರು, ಜೇನಿನಂಥ ಮಾತು. ಕೊನೆಗೆ ಅವರನ್ನು ಸಿಪಾಯಿಗಳು ಕೆಡವುತ್ತಾರೆ, ಇಲ್ಲವೇ ವಿದೇಶದಲ್ಲಿ ಓದಿ ಬಂದ ಯುವಕನೊಬ್ಬ ಕಣ್ಣು ತೆರೆದು ಅವರನ್ನು ಎದುರಿಸುತ್ತಾನೆ. ಅಂಥವರನ್ನು ಸ್ವಾಗತಿಸಲು ವಿಮಾನ ನಿಲ್ದಾಣದಲ್ಲಿ ಕುಣಿಯುವ ಹೆಂಗಸರಿಗೆ ಒಂದು ವಾಕ್ಯ ಸಿಗುತ್ತದೆ, ಅದೂ ಧೂಳಿನ ಜೊತೆ ಸೇರಿಸಿ. ಆ ಕಾದಂಬರಿಗಳನ್ನು ನಾನು ಪ್ರೀತಿಸುತ್ತೇನೆ. ಆ ಒಂದು ವಾಕ್ಯವನ್ನು ಮಾತ್ರ ಕ್ಷಮಿಸಿಲ್ಲ. ಆ ಮನುಷ್ಯರ ಮೋಡಿ ಎಲ್ಲಿಂದ ಬಂತೆಂದು ಅವುಗಳ ಬರಹಗಾರರು ಕುಣಿಯುವವರನ್ನು ಕೇಳಿದ್ದರೆ ಎನೆಲೆಸಿ ಹೇಳುತ್ತಿದ್ದಳು: ನಾವು ನಮ್ಮ ಬಾಯಿಂದ ತುಂಬಿಸಿದ ಖಾಲಿ ಜಾಗ ಅದು, ಬೇರೇನಲ್ಲ.

ಕಾಲ ಕಳೆಯಿತು. ಹಳೆಯ ಪಕ್ಷ ಬಿತ್ತು, ಹೊಸವು ಹುಟ್ಟಿದವು. ಕಂಬೆವ ಈ ವರ್ಷ ಹೊಸ ಪಕ್ಷವೊಂದರ ಹಳದಿ ಅಂಗಿ ತೊಟ್ಟು ಬೆಟ್ಟ ಇಳಿದ. ಮರೆವು ಜನರ ದೊಡ್ಡ ಗುಣ ಎಂದು ಅವನಿಗೆ ಯಾರೋ ಹೇಳಿರಬೇಕು. ಯಾರ ಮನೆಯಲ್ಲಿ ಸಾವಾದರೂ ಕಾರಿನಲ್ಲಿ ಬಂದು, ಬಿಳಿ ಬಟ್ಟೆ ಕೊಟ್ಟು, ನಾಲ್ಕು ಮಾತಾಡಿ ಹೋಗುತ್ತಿದ್ದ.

ಎನೆಲೆಸಿಯ ಅಂಗಳಕ್ಕೂ ಬಂದ. ಮುಪ್ಪಾಗಿತ್ತು, ನಗು ಹಾಗೆಯೇ ಇತ್ತು. ಒಳಗೆ ಚಾಪೆಯ ಮೇಲೆ ಹೆಣದ ಬಳಿ ಕೂತಿದ್ದ ನಾನು ಬಾಗಿಲಿನಿಂದ ನೋಡಿದೆ. ಅವನಿಗೆ ನ್ಸಿಮ ಎಂಬ ಜೋಳದ ಮುದ್ದೆ, ಕೋಳಿಸಾರು ಕಳಿಸಿದೆ. ಚೆನ್ನಾಗಿ ಉಂಡ. ಊರ ಮುಖ್ಯಸ್ಥರು ನಾನು ಮೊದಲೇ ಹೇಳಿಟ್ಟಂತೆ ಎದ್ದು ಕೇಳಿದರು: "ಇವಳಿಗೆ ತಾಯಿಯ ಕಡೆ ಗಂಡಸರು ಯಾರೂ ಇಲ್ಲ. ಸಾವಿನ ಮಾತು ಹೇಳೋರು ಯಾರು?"

ನಾನು ಹೊರಗೆ ಬಂದೆ. "ಮಾವ ಬಂದಿದ್ದಾರಲ್ಲ," ಎಂದೆ. "ಜಿಲ್ಲೆಗೆಲ್ಲ ಮಾವ. ಇವಳಿಗೆ ಮೊದಲು. ಅವರೇ ಹೇಳ್ಲಿ."

ಅವನು ಸಂತೋಷದಿಂದಲೇ ಎದ್ದ. ಎನೆಲೆಸಿ ಮಹಾತಾಯಿ, ನಾಡಿನ ಕೋಗಿಲೆ, ರಕ್ತದೊತ್ತಡದಿಂದ ತೀರಿಕೊಂಡಳು ಎಂದ. ಕಣ್ಣೊರೆಸಿಕೊಂಡ. ಕೂರಲು ಹೋದ.

ಗುಂಡಿ ತೋಡಿದವರು ಕೈಕಾಲಿನ ಮಣ್ಣಿನೊಂದಿಗೆ ಪೆಟ್ಟಿಗೆ ಎತ್ತಲು ಬರಬೇಕಿತ್ತು. ಬರಲಿಲ್ಲ. ಗುದ್ದಲಿಗಳನ್ನು ಅಡ್ಡ ಹಾಕಿ ಅದರ ಮೇಲೆ ಕೂತರು. ಸಾವಿನ ದಿನ ಗುಂಡಿ ತೋಡುವವರು ಏನು ಮಾಡಿದರೂ ಯಾರೂ ತಡೆಯುವಂತಿಲ್ಲ, ಮುಖ್ಯಸ್ಥರೂ ಬೈಯುವಂತಿಲ್ಲ. ಅವರ ಯಜಮಾನ ಸಿಕ್ವೆಯ ಎಂಬವನು, ಲಿಂಬಾನಿಯ ಹಳೆಯ ಗೆಳೆಯ, ತಲೆ ಕೆರೆದುಕೊಂಡ.

"ತಾಯಿದು ಆಯ್ತು ಮಾವ. ಮಗಂದು ಬಾಕಿ ಐತೆ. ಅವನಿಗೂ ನೀವೇ ಅಲ್ವಾ? ನಮ್ಗೆ ಅವಸರ ಇಲ್ಲ, ಕೋಳಿ ಹೊಟ್ಟೇಲೈತೆ."

"ಅದೆಲ್ಲ ಹಳೇದು ಮಗನೇ..."

"ಹೆಣ ಹೊಸದು," ಎಂದ ಸಿಕ್ವೆಯ. "ಕಾಯುತ್ತೆ."

ಕಂಬೆವ ಕಾರಿನತ್ತ ನೋಡಿದ. ಗುಂಡಿ ತೋಡಿದವನೊಬ್ಬ ಆಗಲೇ ಹೋಗಿ ಅದರ ಮುಂದಿನ ಚಕ್ರಕ್ಕೆ ತಲೆಯಿಟ್ಟು ಮಲಗಿದ್ದ. "ಏನ್ ತಂಪು ನೆರಳಣ್ಣಾ ಇದು! ಜಪಾನಿಂದು!" ಎಂದು ಕಣ್ಣು ಮುಚ್ಚಿದ. ಯಾರೋ ನಕ್ಕರು. ಒಳಗೆ ಹೆಂಗಸರು ಹಾಡು ಎತ್ತಿದರು, ಬಾಗಿಲಿಗೆ ಬಂದವರು ಯಾರು ಎಂದು. ಅವಳ ಕಂಠವಿಲ್ಲದೆ ಅದನ್ನು ಕೇಳುವುದು ನನಗೆ ಕಷ್ಟವಾಯಿತು.

ಬಿಸಿಲು ಅಂಗಳದಿಂದ ಜಾರಿ ಮಾವಿನ ಮರದ ಹಿಂದೆ ಹೋಯಿತು. ಅವನು ಮತ್ತೆ ಎದ್ದ.

"ಲಿಂಬಾನಿ ಮುಳುಗ್ಲಿಲ್ಲ," ಎಂದ.

ಹಾಡು ನಿಂತಿತು.

"ಪಕ್ಷದ ಕಚೇರಿ ಹಿಂದಿನ ಕೋಣೇಲಿ ಇಟ್ಟಿದ್ರು. ಹುಡುಗ್ರು ಬುದ್ಧಿ ಹೇಳೋಕೆ ಹೋದ್ರು. ಸರೋವರ ಮಾವನದ್ದು ಅನ್ನು, ಬಿಟ್ಬಿಡ್ತೀವಿ ಅಂದ್ರು. ಅವನು ಅನ್ಲಿಲ್ಲ. ಆಮೇಲೆ ಅವರು..."

ನಿಲ್ಲಿಸಿದ. ಒಂದು ಉಸಿರು ಮೊದಲೇ, ಅವಳು ಕಲಿಸಿದ ಹಾಗೆಯೇ. ತಲೆ ಸ್ವಲ್ಪ ಎತ್ತಿ, ಕೈ ಸ್ವಲ್ಪ ಚಾಚಿ, ಉಳಿದರ್ಧ ನಮ್ಮ ಬಾಯಿಂದ ಬರಲೆಂದು ಕಾದ. ಆ ಅಂಗಳದಲ್ಲಿ ಉತ್ತರ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಬ್ಬರೂ ಬಾಯಿ ತೆರೆಯಲಿಲ್ಲ. ನಾನು ಅವನ ಕಣ್ಣನ್ನೇ ನೋಡುತ್ತ ನಿಂತೆ. ಕೈ ಕೆಳಗಿಳಿಯಿತು.

"ಹೊಡೆದು ಕೊಂದ್ರು," ಎಂದ. "ನಾನು ಪಕ್ಕದ ಕೋಣೇಲಿ ಟೀ ಕುಡೀತಿದ್ದೆ. ಸಾಕಾ ಅಂತ ಬಂದು ಕೇಳಿದ್ರು. ಇನ್ನೂ ಅಂದೋನು ನಾನು."

ಸಿಕ್ವೆಯ ಎದ್ದು ಗುದ್ದಲಿ ಹೆಗಲಿಗೇರಿಸಿದ. "ಎತ್ರಪ್ಪಾ," ಎಂದ.

ಗುಂಡಿಯ ಬಳಿ ಮೊದಲ ಹಿಡಿ ಮಣ್ಣು ಹಾಕಬೇಕಾದವನು ಸೋದರಮಾವ. ಅವನು ಬಾಗಿ ಮಣ್ಣು ತೆಗೆದುಕೊಂಡ. ಸಿಕ್ವೆಯ ಅವನ ಮಣಿಕಟ್ಟು ಹಿಡಿದು, ಬೆರಳು ಬಿಡಿಸಿ, ಆ ಮಣ್ಣನ್ನು ತನ್ನ ಅಂಗೈಗೆ ಸುರಿದುಕೊಂಡ. ತಂದು ನನ್ನ ಕೈಗೆ ಕೊಟ್ಟ. ನಾನು ಹಾಕಿದೆ.

ಮರುದಿನ ಸಿಕ್ವೆಯನೂ ಗೆಳೆಯರೂ ಲಿಂಬಾನಿಯ ಗೋರಿಯ ಮೇಲಿನ ಹುಲ್ಲು ಕೆತ್ತಿ, ಹೊಸ ಮಣ್ಣು ಏರಿಸಿದರು. ಕಂಬೆವನ ಹಳದಿ ಬಾವುಟಗಳು ಅದೇ ವಾರ ದಡದಿಂದ ಕಾಣೆಯಾದವು. ಮೀನಿನ ಅಟ್ಟಣೆಗಳ ಮೇಲೆ ಕಾಗೆ ಬೆದರಿಸಲು ಎರಡು ಮೂರು ಕಟ್ಟಿದ್ದಾರೆ. ಪೊಲೀಸರು ಬೆಟ್ಟಕ್ಕೆ ಹೋಗಿದ್ದರಂತೆ. ಏನಾಗುತ್ತದೋ ಕಾದು ನೋಡುತ್ತೇನೆ, ಮರೆಯುವುದಿಲ್ಲ.

ಇಷ್ಟರಿಂದ ಸಮಾಧಾನವಾಯಿತೇ ಎಂದು ಶಾಲೆಯ ಹಳೆಯ ಸಹೋದ್ಯೋಗಿ ಕೇಳಿದರು. ದ್ವೇಷದಿಂದ ಯಾರಿಗೂ ಸುಖವಿಲ್ಲ ಎಂಬ ಉತ್ತರವನ್ನು ಅವರು ಬಯಸಿದ್ದರು. ನನಗೆ ಸುಖವಾಗಿದೆ. ಅವನ ಆ ಕೈ ಕೆಳಗಿಳಿದದ್ದನ್ನು ನೆನೆದಾಗಲೆಲ್ಲ ಸುಖವಾಗುತ್ತದೆ. ಅದನ್ನು ಎನೆಲೆಸಿಗೆ ಹೇಳಿಕೊಳ್ಳಲು ಅಟ್ಟಣೆಗಳ ಹತ್ತಿರ ಹೋಗುತ್ತೇನೆ, ಮೂಗು ಮುಚ್ಚಿಕೊಳ್ಳದೆ. ಅವಳ ಜಾಗದಲ್ಲಿ ಬೇರೊಬ್ಬಳು ಮೀನು ತಿರುವಿ ಹಾಕುತ್ತಿರುತ್ತಾಳೆ.